ಸೊಳೆ ನೆನೆಸುವ ನೀರು

ಬೆಳಕೆ ಎಂಬ ಊರಿನ ನಮ್ಮ ಮನೆಯ ಅಡುಗೆಕೋಣೆಯಲ್ಲೊಂದು ಹಳೆಯ ಭರಣಿಯಿದೆ. ಬೇಸಗೆಯ ಹಲಸಿನ ಸೊಳೆಗಳು ಅದರ ಉಪ್ಪುನೀರಿನಲ್ಲಿ ಮಳೆಗಾಲ ಮುಗಿಯುವವರೆಗೂ ಹಾಯಾಗಿ ಮುಳುಗಿರುತ್ತವೆ. ಜೊತೆಗೆ ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾಗಳೂ ಇರುತ್ತವೆ ಎಂದರೆ ಮುಖ ಸಿಂಡರಿಸಬೇಡಿ ಮಾರಾಯರೇ, ಅವು ನನ್ನ ಅನ್ನದಾತರು: ನಾನು ಹೊನ್ನಾವರದ ಕಾಲೇಜೊಂದರಲ್ಲಿ ಸೂಕ್ಷ್ಮಜೀವಶಾಸ್ತ್ರ ಕಲಿಸುವವಳು.

ಉಪ್ಪಿನಲ್ಲಿ ಬಾಳುವ ಬ್ಯಾಕ್ಟೀರಿಯಾಗೆ ಒಳಗಿನ ನೀರು ಹೊರಗೆ ಹೋಗಿ ಬತ್ತಿಬಿಡುವ ಭಯ. ಅದಕ್ಕೇ ಪೊಟ್ಯಾಷಿಯಂ ಮೊದಲಾದ ದ್ರಾವ್ಯಗಳನ್ನು ತನ್ನೊಳಗೆ ಕೂಡಿಟ್ಟು ನೀರನ್ನು ಹಿಡಿದುಕೊಳ್ಳುತ್ತದೆ. ಇದ್ದಕ್ಕಿದ್ದಂತೆ ಸಿಹಿನೀರಿಗೆ ಬಿದ್ದರೋ, ಪೊರೆಯಲ್ಲಿ ನೀರಿಗೆಂದೇ ಇರುವ ಪ್ರೋಟೀನಿನ ಕಾಲುವೆಗಳಿಂದ ನೀರು ನುಗ್ಗಿ, ಕೋಶ ಉಬ್ಬಿ ಇನ್ನೇನು ಒಡೆಯಬೇಕು, ಅಷ್ಟರಲ್ಲಿ ಪೊರೆಯ ಬಿಗಿತಕ್ಕೇ ತೆರೆಯುವ ಇನ್ನೊಂದು ಪ್ರೋಟೀನಿನ ಬಾಗಿಲು ಕೂಡಿಟ್ಟದ್ದನ್ನು ಹೊರಚೆಲ್ಲಿ ಜೀವ ಉಳಿಸುತ್ತದೆ. ಇದನ್ನು ಹಲಗೆಯ ಮೇಲೆ ಚಿತ್ರ ಬರೆದು ಎಷ್ಟು ಚೆಂದ ವಿವರಿಸುತ್ತಿದ್ದೆನೆಂದರೆ, ನನಗೇ ನನ್ನ ಮೇಲೆ ಹೆಮ್ಮೆ.

ಇಂಥ ಪಂಡಿತೆ, ಮದುವೆಯಾದ ವರ್ಷ, ಸೊಳೆಯನ್ನು ನೆನೆಸಿ ಉಪ್ಪು ಬಿಡಿಸದೆಯೇ ಪಲ್ಯ ಮಾಡಿದೆ. ಅದೂ ಎಂಥ ದಿನ! ನಮ್ಮ ಕರಾವಳಿಗೆ ರೈಲು ಬಂದ ಹೊಸತು; ಸೊಸೆ ದಿನಾ ಅದನ್ನು ಹತ್ತಿ ಪಾಠ ಮಾಡಲು ಹೋಗಬೇಕೋ ಬೇಡವೋ ಎಂದು ತೀರ್ಮಾನಿಸಲು ಅತ್ತೆಯ ಅಣ್ಣ ಕುಮಟಾದಿಂದ ಬಂದು ಜಗಲಿಯಲ್ಲಿ ಕೂತಿದ್ದರು. ಚೂರು ಬಾಯಿಗಿಟ್ಟರೆ ಅರಬ್ಬೀ ಸಮುದ್ರ. ಮುಚ್ಚಿಡಲೆಂದು ಬೆಲ್ಲ ಹಾಕಿದೆ, ಕಾಯಿತುರಿ ಹಾಕಿದೆ. ಎದೆಯೊಳಗಿನ ಹೆದರಿಕೆ ಮಾತ್ರ ಉಬ್ಬುತ್ತಲೇ ಹೋಯಿತು. ಎಲೆ ಹಾಕುವ ಹೊತ್ತಿಗೆ ತಡೆಯಲಾರದೆ ಅತ್ತೆಯೆದುರು ಎಲ್ಲ ಹೇಳಿಬಿಟ್ಟೆ: ಮರೆತದ್ದು, ಮುಚ್ಚಿಟ್ಟದ್ದು, ಪಾಠ ಬಿಟ್ಟರೆ ನಾನು ಬತ್ತಿಹೋಗುತ್ತೇನೆಂಬುದನ್ನೂ.

“ಈಗಾದ್ರೂ ಹೇಳ್ದೆ, ಚಲೋ ಆತು,” ಎಂದರು ಅತ್ತೆ. ಪಲ್ಯವನ್ನು ಬಿಸಿನೀರಿಗೆ ಸುರಿದು, ಬಸಿದು, ಮತ್ತೆ ಸುರಿದು, ಬಸಿದು, ಹೊಸ ಒಗ್ಗರಣೆ ಕೊಟ್ಟರು. ಅವರ ಅಣ್ಣ ಎರಡು ಸಲ ಬಡಿಸಿಕೊಂಡು, ಇಷ್ಟು ಚೆಂದ ಅಡುಗೆ ಮಾಡುವ ಸೊಸೆ ಮನೆಯಲ್ಲೇ ಇರುವುದು ಒಳ್ಳೆಯದು ಎಂದು ತೀರ್ಪು ಶುರುಮಾಡಿದರು.

ಅತ್ತೆ ಸೌಟು ಕೆಳಗಿಡದೆಯೇ ಹೇಳಿದರು: “ಪಲ್ಯ ನಂದು. ಅವಳು ಪಾಠ ಬಿಡೂದು ಬೇಡ. ಸೊಳೆ ನಾ ನೆನೆಸ್ತೆ.”

ಅಲ್ಲಿಂದೀಚೆಗೆ, ಮಳೆಗಾಲದ ಬೆಳಿಗ್ಗೆ ನಾನು ರೈಲಿಗೆ ಹೊರಡುವಾಗ ಭರಣಿಯ ಪಕ್ಕದ ಪಾತ್ರೆಯಲ್ಲಿ ಸೊಳೆ ನೆನೆಯುತ್ತಿರುತ್ತದೆ. ನೀರನ್ನು ಎಷ್ಟು ಸಲ ಬದಲಿಸಬೇಕೆಂದು ಅತ್ತೆ ನನಗೆ ಇನ್ನೂ ಕಲಿಸಿಲ್ಲ, ನಾನೂ ಕೇಳಿಲ್ಲ.