ಎರಡು ಸೀಟಿನ ಗಾಡಿ

ಮಗಳಿಗೆ ಗಂಡು ನೋಡಿ ಒಪ್ಪಿಕೊಳ್ಳಲು ನಮಗೆ ಬೇಕಾದದ್ದು ಒಂದು ತಟ್ಟೆ ಅವಲಕ್ಕಿ ಮುಗಿಯುವಷ್ಟು ಹೊತ್ತು. ಅವಳ ಮಕ್ಕಳಿಗೆ ಒಂದು ತಳ್ಳುವ ಗಾಡಿ ಆರಿಸಲು ಹಿಡಿದದ್ದು ಹದಿನೆಂಟು ದಿನ. ಹೇಳಿಕೊಳ್ಳಲು ನನಗೆ ನಾಚಿಕೆಯೇನಿಲ್ಲ. ಅಳಿಯ ಒಳ್ಳೆಯವನೇ ಸಿಕ್ಕಿದ್ದಾನೆ. ಅದರಲ್ಲಿ ನಮ್ಮ ಜಾಣತನಕ್ಕಿಂತ ಅವಲಕ್ಕಿಯ ಪಾಲೇ ಹೆಚ್ಚು ಎಂದು ಈಗ ಅನ್ನಿಸುತ್ತದೆ. ಗಾಡಿಯ ವಿಷಯದಲ್ಲಿ ಮಾತ್ರ ಹಾಗೆ ದೇವರ ಮೇಲೆ ಭಾರ ಹಾಕಿ ಕೂರುವಂತಿರಲಿಲ್ಲ.

ಯಾವ ಗಾಡಿ ಎಂದು ಹೇಳಿಬಿಡುತ್ತೇನೆ. ಕೂಸನ್ನು ಕೂರಿಸಿ, ಬೆಲ್ಟು ಬಿಗಿದು, ಹಿಂದಿನಿಂದ ಹಿಡಿಕೆ ಹಿಡಿದು ನೂಕಿಕೊಂಡು ಹೋಗುತ್ತಾರಲ್ಲ, ಮೇಲೆ ಅರ್ಧ ಕೊಡೆಯಂಥ ಮುಚ್ಚಿಗೆ ಇರುತ್ತದಲ್ಲ, ಅದು. ನಮ್ಮ ಯಲಬುರ್ಗಾದಲ್ಲಿ ಅಂಥದ್ದನ್ನು ಕಂಡವರು ಕಡಿಮೆ. ನಾನೇ ಎರಡು ಮಕ್ಕಳನ್ನು ಸಾಕಿದವಳು. ಅವು ಚಕ್ರದ ಮೇಲೆ ಕೂತದ್ದು ಸರ್ಕಾರಿ ಬಸ್ಸು ಹತ್ತಿದಾಗಲೇ. ನವಲಿ ಎಂಬ ಊರಿನ ಗದ್ದೆಗಳಲ್ಲಿ ನನ್ನ ತಾಯಿ ನಾಟಿ ಹಚ್ಚುವಾಗ ನಾನು ಜಾಲಿ ಮರದ ಟೊಂಗೆಗೆ ಕಟ್ಟಿದ ಸೀರೆಯ ಜೋಳಿಗೆಯಲ್ಲಿ ಇರುತ್ತಿದ್ದೆನಂತೆ. ನಮ್ಮ ಸುತ್ತಿನ ಹಳೆಯ ಗುಡಿಗಳ ಗೋಡೆಗಳನ್ನು ನೋಡಿ: ಆನೆಯಿದೆ, ಕುದುರೆಯಿದೆ, ಕನ್ನಡಿ ಹಿಡಿದು ನಿಂತ ಹೆಂಗಸಿದ್ದಾಳೆ. ಕೂಸನ್ನು ಕೂರಿಸಿ ನೂಕುವ ಗಾಡಿಯನ್ನು ನಾನಂತೂ ಎಲ್ಲೂ ಕಂಡಿಲ್ಲ. ಚಕ್ರ ಕಂಡುಹಿಡಿದ ಮನುಷ್ಯ ಮೊದಲು ಅದರ ಮೇಲೆ ಕಾಳು ಹೇರಿದ, ಕಲ್ಲು ಹೇರಿದ, ರಾಜನನ್ನು ಹೇರಿದ. ಕೂಸಿನ ನೆನಪಾಗಲು ಅವನಿಗೆ ಎಷ್ಟೋ ಸಾವಿರ ವರ್ಷ ಹಿಡಿಯಿತು. ಚಕ್ರ ಕಂಡುಹಿಡಿದವನು ಗಂಡಸೇ ಇರಬೇಕು.

ನಮಗೆ ಈ ಗಾಡಿ ಬೇಕಾದದ್ದು ಷೋಕಿಗಲ್ಲ. ಮಗಳು ಶೋಭಾ ಎರಡನೆಯ ಬಾಣಂತನಕ್ಕೆ ನಮ್ಮಲ್ಲಿಗೆ ಬಂದಿದ್ದಳು. ಆಪರೇಷನ್ ಆಗಿ ಗಂಡು ಕೂಸು ಹುಟ್ಟಿತು. ಹೊಲಿಗೆ ಮಾಯುವುದು ತಡವಾಯಿತು. ಕೂಸಿಗಿಂತ ಭಾರದ್ದು ಯಾವುದನ್ನೂ ನಾವು ಹೇಳುವ ತನಕ ಎತ್ತಬೇಡ ಎಂದು ಡಾಕ್ಟರು ಕಟ್ಟುನಿಟ್ಟು ಮಾಡಿದರು. ಕೂಸಿಗಿಂತ ಭಾರದ್ದು ಮನೆಯಲ್ಲಿ ಏನಿತ್ತು? ಕೊಡವಿತ್ತು, ಅಕ್ಕಿ ಚೀಲವಿತ್ತು, ಎರಡು ವರ್ಷ ಎಂಟು ತಿಂಗಳಿನ ನೀಲು ಇದ್ದಳು.

ನೀಲು ಶೋಭಾಳ ಮೊದಲ ಮಗಳು. ತಮ್ಮ ಬರುವ ತನಕ ನಡೆಯುತ್ತಿದ್ದವಳಲ್ಲ, ಓಡುತ್ತಿದ್ದವಳು. ತಮ್ಮ ಆಸ್ಪತ್ರೆಯಿಂದ ಬಂದ ದಿನ ಕಾಲು ಮಡಚಿ ಕೂತಳು. ಮನೆಯೊಳಗೆ ಅಷ್ಟಿಷ್ಟು ಓಡಾಟ. ಹೊಸ್ತಿಲಿನಾಚೆ ಒಂದು ಹೆಜ್ಜೆಯಿಲ್ಲ. ಎರಡೂ ಕೈ ಮೇಲೆತ್ತಿ ತಾಯಿಯ ಮುಂದೆ ನಿಲ್ಲುವುದು, "ಎತ್ಗೊ" ಅನ್ನುವುದು. ತಾಯಿ ನೆಲದ ಮೇಲೆ ಕೂತು ತಬ್ಬಿಕೊಂಡರೆ ಅದು ಲೆಕ್ಕಕ್ಕಿಲ್ಲ. ನಾನು ಎತ್ತಿಕೊಂಡರೆ ಬರುತ್ತಿದ್ದಳು, ಆದರೆ ಬೇರೆಯವರ ಮನೆಯ ಊಟಕ್ಕೆ ಕೂತವರ ಹಾಗೆ ಬಿಗಿಯಾಗಿ ಇರುತ್ತಿದ್ದಳು.

ಐದನೆಯ ತಿಂಗಳಲ್ಲಿ ಶೋಭಾ ಗಂಡನ ಮನೆಗೆ ಹೊರಡಬೇಕು. ಅದು ಗಂಗಾವತಿ ಕಡೆಯ ಶ್ರೀರಾಮನಗರದಲ್ಲಿ. ಅಳಿಯ ಮಹಾಂತೇಶ ಬೆಳಿಗ್ಗೆ ಎಂಟಕ್ಕೆ ಅಕ್ಕಿ ಗಿರಣಿಗೆ ಹೋದರೆ ಮನೆಯಲ್ಲಿ ಬೇರೆ ದೊಡ್ಡವರಿಲ್ಲ. ಅಂಗನವಾಡಿ ಇರುವುದು ಕಾಲುವೆ ದಾಟಿ ಆಚೆ.

"ಯವ್ವಾ, ಅಲ್ಲಿಗೆ ಹೋದ ಮ್ಯಾಲೆ ಇಬ್ಬರನ್ನೂ ಹೆಂಗ ಒಯ್ಯಲಿ?" ಎಂದು ಶೋಭಾ ಒಂದು ದಿನ ಕೂಸಿಗೆ ಎಣ್ಣೆ ಹಚ್ಚುತ್ತಾ ಕೇಳಿದಳು. "ಇದನ್ನ ಬಿಟ್ಟು ಅಕಿನ್ನ ಒಯ್ಯಂಗಿಲ್ಲ, ಅಕಿನ್ನ ಬಿಟ್ಟು ಇದನ್ನ ಒಯ್ಯಂಗಿಲ್ಲ. ಅಕಿ ಅಂತೂ ಒಂದ ಹೆಜ್ಜಿ ಇಡವಲ್ಲಳು."

ಆಮೇಲೆ ಮುಖ ಆ ಕಡೆ ತಿರುಗಿಸಿ, "ನನ್ನ ಕೈ ಅದಾವಂತ ಅಕಿ ಮರತ ಬಿಡತಾಳ" ಅಂದಳು. ಅವತ್ತೇ ನಾನು ಗಾಡಿ ಹುಡುಕಲು ಶುರುಮಾಡಿದೆ.

ಅಳಿಯ ಫೋನಿನಲ್ಲಿ ದಿನಕ್ಕೆ ಹತ್ತು ಚಿತ್ರ ಕಳಿಸುತ್ತಿದ್ದ. ನೋಡುತ್ತಾ ಹೋದಂತೆ ತಲೆ ತಿರುಗಿತು. ಇಬ್ಬರು ಮಕ್ಕಳನ್ನು ಪಕ್ಕಪಕ್ಕ ಕೂರಿಸುವುದು ಒಂದು ಜಾತಿ, ಒಬ್ಬರ ಹಿಂದೆ ಒಬ್ಬರನ್ನು ಕೂರಿಸುವುದು ಇನ್ನೊಂದು. ಪಕ್ಕದ್ದು ನೋಡಲು ಚೆಂದ, ಬಾಗಿಲಲ್ಲಿ ಹಿಡಿಸಬೇಕಲ್ಲ. ನಾನು ಬ್ಲೌಸು ಹೊಲಿಯುವ ಟೇಪು ತಂದು ಬಾಗಿಲು ಅಳೆದು, ಬರೆದಿಟ್ಟುಕೊಂಡು, ಎರಡು ದಿನ ಲೆಕ್ಕ ಹಾಕಿದೆ. ಮೂರನೆಯ ದಿನ ನಮ್ಮ ಮನೆಯವರು ಪೇಪರಿನಿಂದ ತಲೆಯೆತ್ತಿ, "ಗಾಡಿ ಹೋಗೋದು ಶ್ರೀರಾಮನಗರದ ಬಾಗಲದಾಗ. ನೀ ಯಲಬುರ್ಗಾದ ಬಾಗಲಾ ಯಾಕ ಅಳೀತಿ?" ಎಂದು ಕೇಳಿದರು. ಮೊದಲೇ ಹೇಳಬಹುದಿತ್ತು. ನಾನು ಟೇಪು ಸುತ್ತಿಟ್ಟೆ.

ಕಡೆಗೆ, ಕಣ್ಣಾರೆ ನೋಡದೆ ಕೊಳ್ಳುವುದು ಬೇಡವೆಂದು ಗಂಗಾವತಿಯ ಅಂಗಡಿಗೇ ಹೋಗುವುದೆಂದಾಯಿತು. ನೀಲುವನ್ನು ಕರೆದೊಯ್ಯಬಹುದು. ಎರಡು ತಿಂಗಳ ಕೂಸನ್ನು ಬಿಸಿಲು, ಧೂಳು, ದೃಷ್ಟಿ ಇವುಗಳ ನಡುವೆ ಯಾರು ಒಯ್ಯುತ್ತಾರೆ? ಹಾಗಂತ ಗಾಡಿ ಅವನ ಭಾರಕ್ಕೆ ಹೇಗೆ ವಾಲುತ್ತದೆ, ಹೇಗೆ ತಿರುಗುತ್ತದೆ ಎಂದು ನೋಡದೆ ತರುವುದು ಹೇಗೆ? ಆಗ ನನಗೊಂದು ಉಪಾಯ ಹೊಳೆಯಿತು. ನಮ್ಮ ಒರಳಿನ ಸಣ್ಣ ಗುಂಡುಕಲ್ಲನ್ನು ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ತೂಗಿಸಿದೆ. ಹೆಚ್ಚೂ ಕಡಿಮೆ ಕೂಸಿನಷ್ಟೇ ಬಂತು.

ಈ ಕಲ್ಲಿಗೆ ಅಷ್ಟರಲ್ಲಾಗಲೇ ಕೂಸಾಗಿ ಅನುಭವವಿತ್ತು. ತೊಟ್ಟಿಲಿಗೆ ಹಾಕುವ ದಿನ ಕೂಸಿಗಿಂತ ಮೊದಲು ಗುಂಡುಕಲ್ಲನ್ನು ಮಲಗಿಸುವುದು ನಮ್ಮ ಪದ್ಧತಿ. ಅದಕ್ಕೆ ಕೂಸಿನ ತಲೆಗೆ ಹಾಕುವ ಕುಂಚಿಗೆ ತೊಡಿಸಿ, ಕಾಡಿಗೆ ಹಚ್ಚಿ, ತೊಟ್ಟಿಲ ಮೇಲಿಂದ ಒಬ್ಬರು ಕೆಳಗಿಂದ ಒಬ್ಬರು ಕೈಯಿಂದ ಕೈಗೆ ದಾಟಿಸಿ, ಹಾಡು ಹೇಳಿ ತೂಗಿದ ಮೇಲೆಯೇ ನಿಜವಾದ ಕೂಸಿನ ಸರದಿ. ಅವತ್ತು ಆ ಕಲ್ಲನ್ನು ಮೊದಲು ತೊಡೆಯ ಮೇಲೆ ಇಟ್ಟುಕೊಂಡು ಕೂತವಳು ನಾನೇ. ಸೀಟು ತರಚದಿರಲಿ ಎಂದು ಈಗಲೂ ಅದೇ ಕುಂಚಿಗೆ ಹಾಕಿ, ಚೀಲದಲ್ಲಿಟ್ಟು, ಕೊಪ್ಪಳದಲ್ಲಿ ಬಸ್ಸು ಬದಲಿಸಿ, ಒಂದು ಕೈಯಲ್ಲಿ ಕಲ್ಲು, ಒಂದು ಬಗಲಲ್ಲಿ ನೀಲು, ಗಂಗಾವತಿ ಮುಟ್ಟಿದೆ. ಇಬ್ಬರು ಮಕ್ಕಳನ್ನು ಒಯ್ಯುವುದು ಏನೆಂದು ಅವತ್ತು ನನ್ನ ಭುಜಗಳಿಗೆ ಗೊತ್ತಾಯಿತು.

ಅಂಗಡಿಯವರು ಖಾಜಾ ಸಾಹೇಬರು. ಸೈಕಲ್ಲು, ಆಟದ ಸಾಮಾನು, ತೊಟ್ಟಿಲು ಎಲ್ಲ ಮಾರುವವರು. ಅಳಿಯ ಅಲ್ಲಿಗೇ ಬಂದು ಕಾಯುತ್ತಿದ್ದ. ಒಬ್ಬರ ಹಿಂದೆ ಒಬ್ಬರು ಕೂರುವ ಗಾಡಿಯೊಂದನ್ನು ಸಾಹೇಬರು ಬಿಚ್ಚಿ ನಿಲ್ಲಿಸಿದರು. ನಾನು ಚೀಲದಿಂದ ಕಲ್ಲು ತೆಗೆದು ಮುಂದಿನ ಸೀಟಿನಲ್ಲಿ ಮಲಗಿಸಿದೆ.

ಸಾಹೇಬರು ಕುಂಚಿಗೆಯೊಳಗೆ ಇಣುಕಿ ನೋಡಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. "ಅಕ್ಕಾರ, ಅಂಗಡಿ ಇಟ್ಟು ಮೂವತ್ತು ವರ್ಷ ಆತು. ಕೂಸು ತಂದವರನ್ನ ನೋಡೇನಿ, ಗೊಂಬಿ ತಂದವರನ್ನ ನೋಡೇನಿ. ಒರಳಿನ ಗುಂಡು ತಂದವರು ನೀವ ಮೊದಲು."

"ಕೂಸಿನ ತೂಕ ಬರೋಬ್ಬರಿ ಇಷ್ಟ ಐತ್ರಿ," ಅಂದೆ.

"ತೂಕ ಇರ್ಲಿ ಬಿಡ್ರಿ. ಕುಂಚಿಗಿ ಯಾಕ್ರಿ? ಇದಕ್ಕ ಥಂಡಿ ಆಗತೈತೇನು?"

ಮಹಾಂತೇಶ ಮೆಲ್ಲಗೆ, "ಅತ್ತಿ, ಇದನ್ನ ಬಸ್ಸಿನಾಗ ತಂದ್ರಿ?" ಎಂದು ಕೇಳಿ, ನಮಗೂ ತನಗೂ ಸಂಬಂಧವಿಲ್ಲದವನಂತೆ ರಸ್ತೆ ನೋಡುತ್ತಾ ನಿಂತ.

ಸಾಹೇಬರು ಮಾತ್ರ ವ್ಯಾಪಾರ ಬಲ್ಲವರು. ಗಾಡಿಯನ್ನು ಎರಡು ಸುತ್ತು ತಿರುಗಿಸಿ ತೋರಿಸಿ, "ಆದ್ರ ಸಣ್ಣ ಕೂಸಿಗೆ ಹಿಂದಿನ ಸೀಟ ಛಲೋ. ಪೂರಾ ಮಲಗತೈತಿ ನೋಡ್ರಿ, ತಾಯಿ ಮಾರಿನೂ ಕಾಣತೈತಿ," ಅಂದರು.

"ಹಂಗಾದ್ರ ತಮ್ಮ ಹಿಂದ," ಎಂದು ನಾನು ಹಿಂದಿನ ಸೀಟು ತಟ್ಟಿದೆ. ಮುಂದಿನ ಸೀಟಿನಲ್ಲಿ ಕಲ್ಲು ಹಾಗೆಯೇ ಇತ್ತು.

ನನ್ನ ಸೀರೆ ಹಿಡಿದು ನಿಂತಿದ್ದ ನೀಲು ಸೀರೆ ಬಿಟ್ಟಳು. ನೆಲದ ಮೇಲೆ ಕೂತಳು. ಅವಳು ಗಟ್ಟಿಯಾಗಿ ಅತ್ತಿದ್ದರೆ ನಮಗೆ ಏನೂ ತಿಳಿಯುತ್ತಿರಲಿಲ್ಲ. ಮಕ್ಕಳು ಅಂಗಡಿಯಲ್ಲಿ ಅಳುವುದು ಹೊಸದೇ? ಅವಳು ಸದ್ದಿಲ್ಲದೆ ಅಳುತ್ತಿದ್ದಳು. ನಾನು ಬಗ್ಗಿ ಕೇಳಿದ್ದಕ್ಕೆ ಮುಂದಿನ ಸೀಟಿಗೆ ಬೆರಳು ಮಾಡಿ, "ಕಲ್ಲ ತಮ್ಮ ಇಲ್ಲಿ," ಅಂದಳು. ಹಿಂದಿನ ಸೀಟಿಗೆ ಬೆರಳು ಮಾಡಿ, "ಅಳೂ ತಮ್ಮ ಇಲ್ಲಿ," ಅಂದಳು. ಆಮೇಲೆ ಎರಡೂ ಕೈ ಬಿಡಿಸಿ ಅಂಗೈ ತೋರಿಸಿದಳು. "ನೀಲು ಎಲ್ಲಿ?"

ಅವಳ ಲೆಕ್ಕದಲ್ಲಿ ಅವಳಿಗೆ ಇಬ್ಬರು ತಮ್ಮಂದಿರು! ತೊಟ್ಟಿಲ ದಿನ ಊರ ಹೆಂಗಸರೆಲ್ಲ ಸೇರಿ ಮೊದಲನೆಯವನನ್ನು ಹಾಡಿ ತೂಗಿದ್ದನ್ನು, ಅಜ್ಜಿ ಅವನನ್ನು ತೊಡೆಯ ಮೇಲೆ ಇಟ್ಟುಕೊಂಡದ್ದನ್ನು ಅವಳು ಕಣ್ಣಾರೆ ಕಂಡಿದ್ದಾಳೆ. ಅದನ್ನು ಸುಳ್ಳೆಂದು ಅವಳಿಗೆ ಯಾರು ಹೇಳಿದ್ದರು? ನನಗೆ ಒಂದೊಂದೇ ನೆನಪಾಗತೊಡಗಿತು. ತೊಟ್ಟಿಲ ಮರುದಿನ ನಾನು ಅದೇ ಕಲ್ಲಿನಲ್ಲಿ ಚಟ್ನಿ ರುಬ್ಬಲು ಕೂತಾಗ ಹುಡುಗಿ ಕಿಟಾರನೆ ಚೀರಿ ನನ್ನ ಕೈ ಕಚ್ಚಿದ್ದಳು, ನಾನು ಬೈದಿದ್ದೆ. ದಿನಾ ರೊಟ್ಟಿಯ ಒಂದು ಚೂರು ಮುರಿದು ಒರಳಿನ ಪಕ್ಕ ಇಡುತ್ತಿದ್ದಳು. ಇಷ್ಟು ಸಣ್ಣವಳಲ್ಲಿ ಎಂಥ ಭಕ್ತಿ ಎಂದು ಓಣಿಯವರಿಗೆಲ್ಲ ಹೇಳಿಕೊಂಡು ಬಂದಿದ್ದೆ. ಅವಳು ನೈವೇದ್ಯ ಮಾಡುತ್ತಿರಲಿಲ್ಲ, ಉಣ್ಣಿಸುತ್ತಿದ್ದಳು. ತನ್ನ ತಾಯಿಯನ್ನೂ ಅಜ್ಜಿಯನ್ನೂ ಹಂಚಿಕೊಂಡವರಲ್ಲಿ ಒಬ್ಬನಿಗೆ, ತನ್ನ ತಟ್ಟೆಯಿಂದ. ಎರಡು ತಿಂಗಳು. ಐವತ್ತು ದಾಟಿದ ನಾನು ಅಷ್ಟು ದೊಡ್ಡ ಮನಸ್ಸನ್ನು ಎಂದಾದರೂ ಮಾಡಿದ್ದೇನೆಯೇ ಎಂದು ಆ ಅಂಗಡಿಯಲ್ಲಿ ನಿಂತು ಯೋಚಿಸಿದೆ. ನೆನಪಾಗಲಿಲ್ಲ.

ಖಾಜಾ ಸಾಹೇಬರು ಮೊಣಕಾಲು ಹಿಡಿದುಕೊಂಡು ಅವಳ ಪಕ್ಕ ಕುಕ್ಕುರುಗಾಲಿನಲ್ಲಿ ಕೂತರು. ಕಲ್ಲನ್ನು ಎತ್ತಿ ಮುಂದಿಟ್ಟು ಕುಂಚಿಗೆ ಬಿಚ್ಚಿದರು. "ಬೇಟಾ, ಇಲ್ಲಿ ಕೈ ಹಿಡಿ. ಉಸುರು ಬರತೈತೇನು ನೋಡು."

ನೀಲು ಅಂಗೈಯನ್ನು ಕಲ್ಲಿನ ಹತ್ತಿರ ಹಿಡಿದಳು. ಅವಸರ ಮಾಡಲಿಲ್ಲ. ಅಳಿಯ ರಸ್ತೆ ನೋಡುವುದನ್ನು ಬಿಟ್ಟ. ನಾವು ಮೂವರೂ ದೊಡ್ಡವರು ನಮ್ಮ ನಮ್ಮ ಉಸಿರು ಬಿಗಿಹಿಡಿದಿದ್ದೆವು. ಆಸ್ಪತ್ರೆಯಲ್ಲಿ ನಾಡಿ ನೋಡುವವರ ಮುಖದಲ್ಲೂ ನಾನು ಅಷ್ಟು ಗಾಂಭೀರ್ಯ ಕಂಡಿಲ್ಲ.

"ಇಲ್ಲ," ಅಂದಳು.

"ಇಲ್ಲ. ಇದು ಅಜ್ಜಿ ಚಟ್ನಿ ಮಾಡೂ ಕಲ್ಲು. ತಮ್ಮ ಒಬ್ಬನ."

ಅವಳು ಎದ್ದಳು, ಯಾರ ಕೈಯನ್ನೂ ಹಿಡಿಯದೆ ಮುಂದಿನ ಸೀಟಿಗೆ ಹತ್ತಿ ಕೂತಳು. ನಾನು ಹಿಡಿಕೆ, ಚಕ್ರ, ಬಣ್ಣ ಯಾವುದನ್ನೂ ಮತ್ತೆ ನೋಡಲಿಲ್ಲ. ಹದಿನೆಂಟು ದಿನದ ಪರೀಕ್ಷೆ ಅಲ್ಲಿಗೆ ಮುಗಿಯಿತು. ಅದೇ ಗಾಡಿ ಕಟ್ಟಿಸಿಕೊಂಡು ಬಂದೆವು.

ಇಲ್ಲಿಗೆ ಎಲ್ಲ ಸುಖವಾಯಿತು ಎಂದು ಬರೆಯುವ ಆಸೆ ನನಗೂ ಇದೆ. ಆದರೆ ಆಗಲಿಲ್ಲ. ಕಲ್ಲು ಬರೀ ಕಲ್ಲಾಯಿತು, ನನ್ನ ಚಟ್ನಿಗೆ ಅಡ್ಡಿ ತಪ್ಪಿತು, ನೀಲು ಗಾಡಿಯಲ್ಲಿ ಮಹಾರಾಣಿಯಂತೆ ಓಣಿ ಸುತ್ತಿದಳು. ಗಾಡಿಯಿಂದ ಇಳಿದ ಕೂಡಲೇ ಮತ್ತೆ ಎರಡು ಕೈ ಮೇಲೆ, ಮತ್ತೆ "ಎತ್ಗೊ". ಶೋಭಾ ಮತ್ತೆ ನೆಲದ ಮೇಲೆ ಕೂರುವಳು. ಹೊಸ್ತಿಲಿನಾಚೆ ಒಂದು ಹೆಜ್ಜೆಯೂ ಇಲ್ಲ.

ಐದನೆಯ ತಿಂಗಳಲ್ಲಿ ಅವರನ್ನು ಶ್ರೀರಾಮನಗರಕ್ಕೆ ಬಿಡಲು ನಾನೂ ಹೋದೆ. ಮರುದಿನ ಬೆಳಿಗ್ಗೆ ಅಂಗನವಾಡಿಗೆ ಹೊರಟೆವು. ಕಾಲುವೆ ತುಂಬ ನೀರು, ಎರಡೂ ಕಡೆ ಎಳೆಯ ಭತ್ತದ ಹಸಿರು, ಬೆಳ್ಳಕ್ಕಿಗಳು. ಶೋಭಾ ಕೂಸನ್ನು ಹಿಂದಿನ ಸೀಟಿನಲ್ಲಿ ಮಲಗಿಸಿ ಬೆಲ್ಟು ಹಾಕಿದಳು. ನೀಲು ಗಾಡಿಯ ಪಕ್ಕ ಕೈ ಮೇಲೆತ್ತಿ ನಿಂತಳು. ಕೂರಿಸಲು ನಾನು ಬಗ್ಗುವಷ್ಟರಲ್ಲಿ ಶೋಭಾ ನನ್ನನ್ನು ಸರಿಸಿ, ಅವಳನ್ನು ಎತ್ತಿ, ಸೀಟಿನಲ್ಲಿ ಇಡದೆ, ತನ್ನ ಟೊಂಕದ ಮೇಲೆ ಕೂರಿಸಿಕೊಂಡಳು.

"ಏ, ಹೊಲಿಗಿ!" ಅಂದೆ.

"ಡಾಕ್ಟರು ಮೊನ್ನೆ ಹೂಂ ಅಂದಾರ."

"ನನಗ್ಯಾಕ ಹೇಳಲಿಲ್ಲ?"

"ಅಕಿಗೆ ಮೊದಲು ಹೇಳೋದಿತ್ತು," ಅಂದಳು.

ಒಂದು ಕೈಯಲ್ಲಿ ನೀಲು, ಒಂದು ಕೈಯಲ್ಲಿ ಹಿಡಿಕೆ. ಒಂದೇ ಕೈಯಲ್ಲಿ ನೂಕಿದರೆ ಆ ಗಾಡಿ ಎಡಕ್ಕೆ ಎಳೆಯುತ್ತದೆ. ನಾನು ಪಕ್ಕದಲ್ಲಿ ಹಿಡಿಕೆಗೆ ಎರಡು ಬೆರಳು ಕೊಟ್ಟು ನಡೆದೆ. ನಾವು ಇಬ್ಬರು ಮಕ್ಕಳಿಗೆಂದು ಅಳೆದು, ತೂಗಿ, ಎರಡು ಸೀಟಿನದು ತಂದಿದ್ದೆವು. ಮುಂದಿನ ಸೀಟಿನಲ್ಲಿ ಈಗ ನೀಲುವಿನ ತಿಂಡಿ ಡಬ್ಬಿ ಒಂದೇ ಕೂತು ಸವಾರಿ ಮಾಡುತ್ತಿತ್ತು. ಚಕ್ರ ಕೂಸನ್ನು ಹೊತ್ತುಕೊಂಡಿತು, ಹಾಗಾಗಿ ತಾಯಿಗೊಂದು ಕೈ ಉಳಿಯಿತು. ಇದಕ್ಕೇ ಇರಬೇಕು ಗಾಡಿ. ಅಂಗಡಿಯಲ್ಲಿ ಇದನ್ನು ಯಾರೂ ಹೇಳಿರಲಿಲ್ಲ. ಖಾಜಾ ಸಾಹೇಬರಿಗೂ ಗೊತ್ತಿತ್ತೋ ಇಲ್ಲವೋ.

ನೀಲು ತಾಯಿಯ ಕುತ್ತಿಗೆಯಲ್ಲಿ ಮೂಗಿಟ್ಟುಕೊಂಡಿದ್ದಳು. ಕಾಲುವೆಯ ಸೇತುವೆ ದಾಟಿದೆವು. ದಾಟಿ ಹತ್ತು ಮಾರು ಹೋಗಿರಲಿಲ್ಲ, ತಲೆಯೆತ್ತಿ, "ಇಳಸು," ಅಂದಳು.

"ನಡೀತೀ?"

"ಹ್ಞೂಂ. ನಡೀತೀನಿ."

ಐದು ತಿಂಗಳಿಂದ ಮನೆ ಮಂದಿಯೆಲ್ಲ ಕಾದಿದ್ದ ಮಾತು ಅದು. ನಾನು ಇಳಿಸಿಕೊಳ್ಳಲು ಕೈ ಚಾಚಿದೆ. ಶೋಭಾಳ ತೋಳು ಮಾತ್ರ ಬಿಗಿಯಾಯಿತು.

"ಇನ್ನೊಂದೀಟು ಇರ ಬೇ," ಅಂದಳು ಮಗಳಿಗೆ. "ಆ ಲೈಟಿನ ಕಂಬದ ತನಕ."

ಕಂಬ ಬಂತು. ಶೋಭಾ ಮುಂದಿನ ಕಂಬ ತೋರಿಸಿದಳು. ನೀಲು ಆ ಕಂಬವನ್ನು ನೋಡಿದಳು, ತಾಯಿಯ ಮುಖ ನೋಡಿದಳು, ಸಣ್ಣವರ ಹಟಕ್ಕೆ ದೊಡ್ಡವರು ಒಪ್ಪುವ ಹಾಗೆ ತಲೆಯಾಡಿಸಿದಳು.