ಎಂಟಾದ ಮೇಲೆ ಹದಿಮೂರು

ಆ ದಿನ ಬೆಳಗ್ಗೆ ನಡೆದದ್ದೆಲ್ಲ ದಿನಾ ನಡೆಯುವಂಥದ್ದೇ. ಹಾಲು ಕಾಸಿದೆ, ಚಹಾ ಸೋಸಿದೆ. ನಮ್ಮನೆಯವರು ಬಸಿಗೆ ಸುರುವಿಕೊಂಡು ಕುಡಿದು, ಬಸಿಯನ್ನು ಪೇಪರಿನ ಮೇಲೆಯೇ ಇಟ್ಟು, ಎಂದಿನಂತೆ ಒಂದು ದುಂಡನೆಯ ಕಲೆ ಮೂಡಿಸಿ ಎದ್ದರು. ಮಗ ಸಕ್ಕರೆ ಕಾರ್ಖಾನೆಯ ಮೊದಲ ಪಾಳಿಗೆ ಹೋದ. ನಾನು ಮಾಳಿಗೆ ಹತ್ತಿ, ಒಣಹಾಕಿದ್ದ ಮೆಣಸಿನಕಾಯಿ ಒಂದನ್ನೆತ್ತಿ ಕಿವಿಯ ಹತ್ತಿರ ಅಲ್ಲಾಡಿಸಿದೆ. ಒಳಗೆ ಬೀಜ ಗಲಗಲ ಅಂದರೆ ಒಣಗಿದೆ ಅಂತ ಅರ್ಥ. ಅಂದಿತು. ಬುಟ್ಟಿಗೆ ತುಂಬಿಕೊಂಡು ಬಂದು ಪಡಸಾಲೆಯಲ್ಲಿ ತೊಟ್ಟು ಮುರಿಯುತ್ತ ಕುಳಿತೆ. ವರ್ಷಕ್ಕಾಗುವಷ್ಟು ಮಸಾಲಿ ಖಾರದ ಪುಡಿ ಮಾಡುವ ಕಾಲವಿದು. ನಮ್ಮೂರು ಉಗಾರದ ಬಿಸಿಲು ನನಗೆ ಉಪಕಾರ ಮಾಡುವುದು ಈ ಒಂದು ವಿಷಯದಲ್ಲಿ ಮಾತ್ರ.

ಪಡಸಾಲೆಯೇ ಯಾಕೆ ಅಂದರೆ, ಅಲ್ಲಿ ಕುಳಿತರೆ ಸೊಸೆ ಪಲ್ಲವಿಯ ಮೀಟಿಂಗು ಕೇಳಿಸುತ್ತದೆ. ಪುಣೆಯ ಕಂಪನಿಯೊಂದಕ್ಕೆ ಮನೆಯಿಂದಲೇ ಸಾಫ್ಟ್‌ವೇರ್ ಕೆಲಸ ಮಾಡುತ್ತಾಳೆ. ಕದ್ದು ಕೇಳುವುದು ಅಂತ ತಿಳಿಯಬೇಡಿ. ಸಿಗ್ನಲ್ ಚೆನ್ನಾಗಿ ಬರಲಿ ಅಂತ ಬಾಗಿಲು ತೆರೆದಿಡುವವಳು ಅವಳೇ.

ಆ ಮೀಟಿಂಗಿನಲ್ಲಿ ಒಂದು ಆಟವಿದೆ. ಮುಂದೆ ಮಾಡಬೇಕಾದ ಕೆಲಸವೊಂದನ್ನು ಯಾರಾದರೂ ಓದಿ ಹೇಳುತ್ತಾರೆ. ಅದು ಎಷ್ಟು ಭಾರದ ಕೆಲಸ ಅಂತ ಪ್ರತಿಯೊಬ್ಬರೂ ಮನಸ್ಸಿನಲ್ಲೇ ಅಂದಾಜು ಮಾಡಿ, ಸಂಖ್ಯೆ ಬರೆದ, ಇಸ್ಪೀಟಿನಂಥ ಒಂದು ಎಲೆಯನ್ನು ಬಚ್ಚಿಟ್ಟುಕೊಂಡು, ಎಲ್ಲರೂ ಒಮ್ಮೆಲೇ ತೋರಿಸಬೇಕು. ಒಬ್ಬರ ಮುಖ ನೋಡಿ ಇನ್ನೊಬ್ಬರು ಹೇಳಬಾರದು ಅಂತ ಈ ಉಪಾಯ. ಎಲೆಗಳ ಮೇಲಿನ ಸಂಖ್ಯೆಗಳೂ ವಿಚಿತ್ರ: ಒಂದು, ಎರಡು, ಮೂರು, ಐದು, ಎಂಟು, ಹದಿಮೂರು. ಕೆಲಸ ದೊಡ್ಡದಾದಷ್ಟೂ ಅಂದಾಜು ಮಸುಕಾಗುತ್ತದೆ, ಅದಕ್ಕೇ ಸಂಖ್ಯೆಗಳು ದೂರ ದೂರ ನಿಲ್ಲುತ್ತವೆ ಅಂತ ಪಲ್ಲವಿ ವಿವರಿಸಿದ್ದಳು. ನನಗೆ ಈ ಸಾಲು ಹೊಸದಲ್ಲ. ಕಾನ್ವೆಂಟಿನಲ್ಲಿ ಓದಿದವಳಾದರೂ ಲಘು ಗುರು ಮರೆತಿಲ್ಲ. ಮೂರು ಮಾತ್ರೆಗಳನ್ನು ಲಘು ಗುರುಗಳಿಂದ ಮೂರು ಬಗೆಯಲ್ಲಿ ತುಂಬಬಹುದು, ನಾಲ್ಕನ್ನು ಐದು ಬಗೆಯಲ್ಲಿ, ಐದನ್ನು ಎಂಟು ಬಗೆಯಲ್ಲಿ. ನಮ್ಮ ಛಂದಸ್ಸಿನವರು ಕಾವ್ಯಕ್ಕೆ ಹಾಕಿದ ಲೆಕ್ಕದಲ್ಲಿ ಪುಣೆಯವರು ನನ್ನ ಸೊಸೆಯ ದುಡಿಮೆ ಅಳೆಯುತ್ತಿದ್ದಾರೆ.

ಆ ಬೆಳಗ್ಗೆ ಅಳೆದದ್ದು, ಜನ ಪಾಸ್‌ವರ್ಡ್ ಮರೆತಾಗ ತೆರೆಯುವ ಒಂದು ಪುಟದ ಕೆಲಸ. ಮಾಡಬೇಕಾದವಳು ಪಲ್ಲವಿ. ಎಲ್ಲರೂ ಎಲೆ ತೋರಿಸಿದರು. ಅವಳದು ಎಂಟು, ಉಳಿದವರದೆಲ್ಲ ಎರಡು, ಮೂರು. ಮ್ಯಾನೇಜರ್ ನಕ್ಕು ಮರಾಠಿಯಲ್ಲಿ "ತಸಂಹೀ" ಅಂತ ಶುರು ಮಾಡಿದ. ನಮ್ಮ ಕಡೆ "ಹೆಂಗೂ" ಅನ್ನುತ್ತಾರಲ್ಲ, ಅದೇ. ಹೆಂಗೂ ಲಾಗಿನ್ ಪುಟ ಬಿಚ್ಚುತ್ತೀಯಲ್ಲ, ಅದರ ಜೋಡಿ ಇದೂ ಆಗಿಬಿಡ್ತದ ಅಂತ. ಒಳಗೆ ಹಳೆಯ ಕೆಲಸ ಹೇಗೆ ಸಿಕ್ಕುಸಿಕ್ಕಾಗಿದೆ ಅಂತ ಪಲ್ಲವಿ ಹೇಳಿದಳು. ಮತ್ತೊಮ್ಮೆ ಹೇಳಿದಳು. ಕೊನೆಗೆ "ಓಕೆ, ಐದು" ಅಂದಳು.

ನನ್ನ ಕೈಯಲ್ಲಿದ್ದ ಮೆಣಸಿನಕಾಯಿ ತೊಟ್ಟಿನ ಬದಲು ನಡುವೆ ಮುರಿಯಿತು.

"ಯಾಕ ಇಳದಿ? ನಿನಗ ಗೊತ್ತಿತ್ತಲ್ಲ ಎಂಟು ಅಂತ?" ಅಂದೆ, ಅವಳು ನೀರು ಕುಡಿಯಲು ಬಂದಾಗ.

"ಒಬ್ಬಾಕಿನ ಎಷ್ಟಂತ ಜಗಳಾಡ್ಲಿರಿ ಅತ್ತಿ? ರಾತ್ರಿ ಕುಂತ ಮುಗಸ್ತೀನಿ, ಬಿಡ್ರಿ."

ಬಿಡಬೇಕಂತೆ. ಈ "ಬಿಡ್ರಿ" ಅನ್ನುವ ಮಾತನ್ನು ನಾನು ಮದುವೆಯಾದಾಗಿನಿಂದ ಆಡುತ್ತ ಬಂದಿದ್ದೇನೆ. ಬೇರೆಯವಳ ಬಾಯಲ್ಲಿ ಕೇಳಿದಾಗಲೇ ಅದು ಎಷ್ಟು ಕಹಿ ಅಂತ ತಿಳಿದದ್ದು. ಸಿಟ್ಟು ಬಂದರೆ ಹತ್ತರವರೆಗೆ ಎಣಿಸಬೇಕು, ಹೆಣ್ಣುಮಗಳ ದನಿ ಕೋಣೆಯ ಹೊಸ್ತಿಲು ದಾಟಬಾರದು ಅಂತ ಕಾನ್ವೆಂಟಿನ ಸಿಸ್ಟರ್ ಕಲಿಸಿದ್ದರು. ಎಣಿಸಿದೆ.

ಮಧ್ಯಾಹ್ನ ನಿಪ್ಪಾಣಿಯಿಂದ ಮೈದುನ ಬಾಳಾಸಾಹೇಬ ಬಂದರು. ಒಂದು ಕೈಯಲ್ಲಿ ಮೆಣಸಿನಕಾಯಿಯ ಚೀಲ, ಇನ್ನೊಂದರಲ್ಲಿ ಖಾಲಿ ಸ್ಟೀಲ್ ಡಬ್ಬಿಗಳು. ಪ್ರತಿ ವರ್ಷದ ಹಾಜರಿ ಇದು.

"ವೈನಿ, ಹೆಂಗೂ ನಿಮ್ಮದು ಮಾಡಾಕತ್ತೀರಿ. ಅದರಾಗ ನಮ್ಮದೂ ಒಂದೀಟ ಆಗಿಬಿಡ್ಲಿ. ರಾಯಬಾಗದ ಅಕ್ಕಾನೂ ಚೀಲಾ ಕಳಸ್ತೀನಿ ಅಂದಾಳ."

ನಮ್ಮನೆಯವರು ತಲೆಯೆತ್ತದೆ, "ಅದೇನ ದೊಡ್ಡ ಕೆಲಸ? ಕುಟ್ಟೂದ ಗಿರಣಿ" ಅಂದರು.

ನೋಡಿ, ಗಿರಣಿ ಕುಟ್ಟುತ್ತದೆ, ನಿಜ. ಹಾಗೆ ನೋಡಿದರೆ ಬಟ್ಟೆ ಒಗೆಯುವುದು ಮಷಿನ್ನು, ಅನ್ನ ಮಾಡುವುದು ಕುಕ್ಕರು, ಮಕ್ಕಳನ್ನು ಬೆಳೆಸಿದ್ದು ಬಹುಶಃ ಗಾಳಿ. ನಾನು ಈ ಮನೆಯಲ್ಲಿ ಏನು ಮಾಡುತ್ತೇನೆ ಅಂತ ನನಗೇ ಅನುಮಾನ ಬಂತು. ಊಟಕ್ಕೆ ಎದ್ದು ಬಂದ ಪಲ್ಲವಿ ನನ್ನ ಮುಖ ನೋಡಿದಳು. ಆಮೇಲೆ ಮಾವನ ಇಸ್ಪೀಟ್ ಕಟ್ಟು ತಂದು ಚಾಪೆಯ ಮೇಲೆ ಹಾಕಿ, ತನ್ನ ಕಂಪನಿಯ ಆಟ ಹೇಳಿಕೊಟ್ಟಳು. ಮೂರು ಮನೆಯ ಖಾರ, ಎಷ್ಟು ಭಾರದ ಕೆಲಸ? ಎಕ್ಕ ಅಂದರೆ ಒಂದು, ರಾಜ ಅಂದರೆ ಹದಿಮೂರು. ಆ ಲೆಕ್ಕದಲ್ಲಿ ಹನ್ನೆರಡರ ರಾಣಿಗೆ ಜಾಗವೇ ಇಲ್ಲ. ಆಶ್ಚರ್ಯವೂ ಇಲ್ಲ.

ಎಲ್ಲರೂ ಒಮ್ಮೆಲೇ ಎಲೆ ಮಗುಚಿದೆವು. ಮೈದುನನದು ಎಕ್ಕ. ನಮ್ಮನೆಯವರದು ಎರಡು. ಪಲ್ಲವಿಯದು ಎಂಟು. ನನ್ನದು ರಾಜ.

"ಏ, ವೈನಿ ಸೀದಾ ರಾಜಾನ್ನ ಇಳಸ್ಯಾರ!" ಅಂತ ಮೈದುನ ತೊಡೆ ತಟ್ಟಿಕೊಂಡು ನಕ್ಕರು.

"ಕಾಕಾ, ಭಾಳ ಕಮ್ಮಿ ತೋರಸಿದವ್ರು, ಭಾಳ ಜಾಸ್ತಿ ತೋರಸಿದವ್ರು, ಇಬ್ರೂ ಕಾರಣಾ ಹೇಳ್ಬೇಕ್ರಿ. ಮೊದಲ ನೀವು."

"ಏನ್ ಹೇಳೂದ? ಒಣಗಸೂದು, ಹುರಿಯೂದು, ಗಿರಣಿಗೆ ಒಯ್ಯೂದು. ಮುಗೀತು."

ನನ್ನ ಸರದಿ ಬಂತು. ಒಂದೊಂದೇ ತೊಟ್ಟು ಮುರಿದು ಉಗುರಿನ ಸಂದಿ ಉರಿಯುವುದನ್ನು ಹೇಳಿದೆ. ಒಣಕೊಬ್ಬರಿ ಹೆಚ್ಚುವುದು, ಉಳ್ಳಾಗಡ್ಡಿ ಹೊತ್ತದಂತೆ ಕೆಂಪಗೆ ಹುರಿಯುವುದು, ಆ ಘಾಟಿಗೆ ಇಡೀ ಮನೆ ಹೊರಗೆ ಓಡುವಾಗ ಒಲೆಯ ಮುಂದೆ ಉಳಿಯುವವಳು ಯಾರು ಅನ್ನುವುದು, ಇನ್ನೊಬ್ಬರ ಖಾರ ನಮ್ಮದರಲ್ಲಿ ಬೆರೆಯದಂತೆ ಗಿರಣಿಯಲ್ಲಿ ಕಣ್ಣಿಟ್ಟು ನಿಲ್ಲುವುದು, ಹುಳ ಬೀಳದಂತೆ ಇಂಗಿನ ಹರಳಿಟ್ಟು ಡಬ್ಬಿ ತುಂಬುವುದು. ಆ ರಾತ್ರಿ ಕೈ ಮುಖಕ್ಕೆ ತಾಗದಂತೆ ಎಚ್ಚರದಿಂದ ಮಲಗುವುದನ್ನೂ ಹೇಳಿದೆ. ಕೆಲಸವೊಂದಕ್ಕೆ ಇಷ್ಟು ಕೋಣೆಗಳಿವೆ ಅಂತ ಹೇಳುತ್ತ ಹೋದಾಗ ನನಗೇ ಗೊತ್ತಾಯಿತು.

ನಮ್ಮನೆಯವರು ಗಂಟಲು ಸರಿಮಾಡಿಕೊಂಡರು. "ಆತು ಬಿಡು. ನಿಂದೂ ಬ್ಯಾಡ, ನಂದೂ ಬ್ಯಾಡ. ನಡಬರಕ ಐದು ಅನ್ನೂಣು."

ಐದು! ಬೆಳಗ್ಗೆ ಪುಣೆಯಲ್ಲಿ ಐದು, ಮಧ್ಯಾಹ್ನ ಉಗಾರದಲ್ಲಿ ಐದು. ಜಗತ್ತಿನಲ್ಲಿ ಹೆಂಗಸು ಎಷ್ಟೇ ಹೇಳಲಿ, ಐದಕ್ಕೇ ತಂದು ನಿಲ್ಲಿಸುತ್ತಾರೆ. ಎಣಿಸತೊಡಗಿದೆ. ಆದರೆ ಆ ಎಲೆಗಳಲ್ಲಿ ಹತ್ತು ಇಲ್ಲವಲ್ಲ. ಎಂಟಾದ ಮೇಲೆ ಸಿಟ್ಟು ನೇರ ಹದಿಮೂರಕ್ಕೆ ಜಿಗಿಯಿತು.

"ಐದು ಯಾರ ಕೈಯಿಂದ್ರಿ? ನಿಮ್ಮ ಕೈಯಿಂದೋ, ನನ್ನ ಕೈಯಿಂದೋ?" ಅಂದೆ.

ಆಗ ಪಲ್ಲವಿ ಮೆಲ್ಲಗೆ, "ಮಾವಾರ, ಖರೇ ನಿಯಮಾ ಏನಂದ್ರ, ಕೆಲಸಾ ಮಾಡಾವ್ರು ಅಷ್ಟ ಎಲಿ ಹಿಡೀಬೇಕ್ರಿ" ಅಂದಳು. ಅಂದವಳು ತನ್ನ ಮಾತು ತಾನೇ ಕೇಳಿಸಿಕೊಂಡಂತೆ ಒಂದು ಗಳಿಗೆ ಹಾಗೇ ನಿಂತಳು.

ನಾನು ಗಂಡಸರಿಬ್ಬರ ಮುಂದಿನ ಎಲೆಗಳನ್ನು ಎತ್ತಿ ಕಟ್ಟಿಗೆ ಸೇರಿಸಿದೆ. "ಬಾಳಾಸಾಹೇಬ್ರ, ಚೀಲಾ ವಾಪಸ್ ಒಯ್ರಿ. ಇಲ್ಲಾಂದ್ರ ಆಯ್ತವಾರ ಗಂಡ ಹೆಂಡ್ತಿ ಇಬ್ರೂ ಬರ್ರಿ, ರಾಯಬಾಗದಾಕಿನ್ನೂ ಕರ್ಕೊಂಡ ಬರ್ರಿ. ಎಲ್ರೂ ಕೂಡಿ ತೊಟ್ಟ ಮುರಿಯೂಣು. ಆಮ್ಯಾಲ ನೀವು ಎಕ್ಕಾ ಅಂದ್ರೂ ನಾ ಒಪ್ತೀನಿ." ಇಷ್ಟು ಹೇಳಿ, ಹಳೆಯ ರೂಢಿ ನೋಡಿ, ಕೊನೆಗೆ "ಪ್ಲೀಸ್" ಅಂತ ಸೇರಿಸಿದೆ. ಆ ಪ್ಲೀಸ್ ಕೂಡ ಕಿರುಚಿದ ಹಾಗೇ ಬಂತು.

ಮೈದುನ ನಗಲು ನೋಡಿದರು, ಆಗಲಿಲ್ಲ. ಚಹಾ ಕುಡಿದು, ಚೀಲ ಹೆಗಲಿಗೇರಿಸಿಕೊಂಡು ಹೊರಟರು. ಡಬ್ಬಿಗಳನ್ನು ಮಾತ್ರ ಬಿಟ್ಟು ಹೋದರು. ಅದನ್ನು ಆಸೆ ಅನ್ನಬೇಕೋ, ಆಯ್ತವಾರ ಬರುವ ಕುರುಹು ಅನ್ನಬೇಕೋ ತಿಳಿಯದು. ನಮ್ಮನೆಯವರು ಪೇಪರ್ ಓದುತ್ತಿದ್ದರು, ಬೆಳಗ್ಗೆ ಓದಿದ್ದನ್ನೇ. ಹೊತ್ತು ಇಳಿಯುವಾಗ ಒಳಗಿನಿಂದ ಪಲ್ಲವಿಯ ದನಿ ಬಂತು. "ಬೆಳಗ್ಗೆ ಐದಕ್ಕೆ ಒಪ್ಪಿದ್ದು ನನ್ನ ತಪ್ಪು. ಅದು ಎಂಟು," ಅಂತ ಮರಾಠಿಯಲ್ಲಿ ಹೇಳುತ್ತಿದ್ದಳು. ಮ್ಯಾನೇಜರ್ ಏನೋ ಅಂದ. ಅವಳು ಮತ್ತೆ "ಎಂಟು" ಅಂದಳು. ಒಪ್ಪಿದನೋ ಇಲ್ಲವೋ, ನಾನು ಕೇಳುತ್ತ ಕೂರಲಿಲ್ಲ. ಎದ್ದು ಹೋಗಿ, ಸಾಬೂನು ಹಚ್ಚಿ ಹಚ್ಚಿ ಕೈ ತೊಳೆದೆ.

ದೀಪ ಹಚ್ಚುವ ಹೊತ್ತಿಗೆ ಪಕ್ಕದ ಮನೆಯ ಶಾಂತಕ್ಕ ಹಾಲಿಗೆ ಹೆಪ್ಪು ಬೇಕಂತ ವಾಟಿ ಹಿಡಿದು ಬಂದಳು. ಮೊಸರು ಹಾಕಿಸಿಕೊಂಡು, ಮೆಟ್ಟಿಲು ಇಳಿಯುತ್ತ, ಏನೋ ನೆನಪಾದವಳಂತೆ ತಿರುಗಿ ಕೇಳಿದಳು:

"ಅಲ್ರಿ ಅಕ್ಕಾರ, ಮಧ್ಯಾಹ್ನ ನಿಮ್ಮನಿಗಿ ಯಾರ ಬಂದಿದ್ರಿ? ಯಾರೋ ಹೆಣ್ಮಗಳ ದನಿ ನಮ್ಮ ಹಿತ್ತಲದ ತನಕಾ ಕೇಳಸಾಕತ್ತಿತ್ತು. ಗುರ್ತ ಹತ್ತಲಿಲ್ಲ ನೋಡ್ರಿ."