ಇಪ್ಪತ್ತೆರಡು ಹಲ್ಲಿನ ಫ್ರೀವೀಲ್

ಕೊಪ್ಪದಲ್ಲಿ ನಂದೊಂದು ಸೈಕಲ್ ಅಂಗಡಿ. ಪಂಚರ್ ಹಾಕೋದಕ್ಕಿಂತ ಬಾಯಿ ಬಡ್ಕೊಳ್ಳೋದೇ ಜಾಸ್ತಿ ಅಂತ ಹೆಸರು ತಗೊಂಡವನು ನಾನು. ಸುಳ್ಳಲ್ಲ. ದಪ್ಪ ಟೈರು, ಮುಂದುಗಡೆ ಸ್ಪ್ರಿಂಗು ಇರೋ ಸೈಕಲ್ಲು ಮಂಡ್ಯದಿಂದ ತಂದು, "ಏರು ಹತ್ತಕ್ಕೆ ಇದೇ ಸರಿ ಕಣಣ್ಣ" ಅಂತ ಯಾರಾದರೂ ಮೆರೆದರೆ ನನಗೆ ಮೈಯೆಲ್ಲ ಉರಿಯೋದು.

"ಏರು ಅತ್ತಿಸೋದು ಟೈರಲ್ಲ ಕಣ್ಲಾ, ಫ್ರೀವೀಲು!" ಅಂತ ಶುರು ಮಾಡಿದರೆ ನಿಲ್ಲಿಸೋನಲ್ಲ. ಹಿಂದಿನ ಚಕ್ರದ ಆ ಹಲ್ಲುಗಾಲಿಗೆ ಹಲ್ಲು ಜಾಸ್ತಿ ಇದ್ದಷ್ಟೂ ಕಾಲಿಗೆ ಹಗುರ, ಓಟ ನಿಧಾನ. ಹದಿನೆಂಟು ಹಲ್ಲಿಂದು ಸಮ ರಸ್ತೇಲಿ ಜೋರಾಗಿ ಓಡುತ್ತೆ, ದಿಣ್ಣೇಲಿ ಜೀವ ತೆಗೆಯುತ್ತೆ. ಗೇರ್ ಸೈಕಲ್ಲಲ್ಲಿರೋದೂ ಇದೇ, ಚಿಕ್ಕದು ದೊಡ್ಡದು ಐದಾರು ಒಟ್ಟಿಗೆ. ಆತಗೂರು ಕಡೆಯಿಂದ ಕ್ಯಾನು ಹೇರಿಕೊಂಡು ಬರೋ ಹಾಲಿನವರಿಗೆಲ್ಲ, ಅವರು ಕೇಳೋ ಮೊದಲೇ ಇಪ್ಪತ್ತೆರಡರದ್ದು ಹಾಕಿಕೊಟ್ಟಿದ್ದೀನಿ.

ನನ್ನ ಹೆಂಡತಿ ಅಂಗನವಾಡಿ ಸಹಾಯಕಿ. ಆ ಅಂಗನವಾಡಿ ಇರೋದು ಪಕ್ಕದ ಹಳ್ಳಿಯ ದಿಣ್ಣೆ ಮೇಲೆ. ದಿನಾ ಹದಿನೆಂಟು ಹಲ್ಲಿನ ಲೇಡೀಸ್ ಸೈಕಲ್ಲಲ್ಲಿ ಹೋಗೋಳು, ಅರ್ಧ ಏರಲ್ಲಿ ಇಳಿದು ತಳ್ಳೋಳು, ಸಂಜೆ ಮಂಡಿಗೆ ಎಣ್ಣೆ ತಿಕ್ಕೋಳು. "ಹಾಲ್ನೋರಿಗೆ ಆಕ್ದಂಗೆ ನನ್ಗೂ ಒಂದು ಆಕ್ಕೊಡಿ" ಅಂತ ಕೇಳಿದಳು. ಕೆಲಸ ಇದೆ ಅಂದೆ. ಇನ್ನೊಂದು ಸಲ ಕೇಳಿದಳು. ಅದು ಲೋಡ್ ಸೈಕಲ್ಲಿಗೆ ಹಾಕೋದು, ನನ್ನ ಹೆಂಡತಿ ಸೈಕಲ್ಲಿಗೆ ಹಾಕಿದರೆ ಜನ ನಗ್ತಾರೆ ಅಂದೆ. ಮೂರನೇ ಸಲ ಅಂಗಡಿಗೇ ಬಂದಳು. ನಾಲ್ಕು ಜನ ಕೂತಿದ್ದರು. "ಕಾಲಲ್ಲಿ ಕಸುವಿಲ್ದಿದ್ರೆ ಫ್ರೀವೀಲ್ ಏನಮ್ಮಿ ಮಾಡಾದು?" ಅಂದುಬಿಟ್ಟೆ. ಎಲ್ಲರೂ ನಕ್ಕರು. ನಾನೂ ನಕ್ಕೆ, ಥೂ. ಅವಳು ಸೈಕಲ್ ತಿರುಗಿಸಿಕೊಂಡು ಹೋದಳು.

ಆಮೇಲೆ ಕೇಳಲಿಲ್ಲ. ಒಂದೆರಡು ತಿಂಗಳು ಕಳೆದು ನೋಡ್ತೀನಿ, ಎಣ್ಣೆ ಸೀಸೆ ಮುಟ್ಟದೇ ಗೂಡಲ್ಲೇ ಇದೆ. ನಿನ್ನ ಹೆಂಡತಿ ಈಗ ಇಳಿಯದೇ ಏರು ಹತ್ತುತ್ತಾಳೆ ಅಂತ ಯಾರೋ ಅಂದರು. ಊಟಕ್ಕೆ ಕೂತಾಗ, "ನೋಡ್ದಾ, ತುಳ್ದೂ ತುಳ್ದೂ ಕಾಲು ಗಟ್ಟಿಯಾಯ್ತು. ನಾನೇಳ್ನಿಲ್ವಾ?" ಅಂತ ಮೀಸೆ ತಿರುವಿದೆ.

"ಊಂ, ನೀವೇಳುದ್ಮೇಲೆ ಇನ್ನೇನು" ಅಂದು ಇನ್ನೊಂದು ಮುದ್ದೆ ಇಟ್ಟಳು.

ಮೊನ್ನೆ ಅವಳ ಹಿಂದಿನ ಟೈರು ಪಂಚರ್ ಆಯ್ತು. ಅಂಗಡಿಗೆ ತಂದು ಚಕ್ರ ಬಿಚ್ಚಿದೆ. ಫ್ರೀವೀಲ್ ಯಾಕೋ ದೊಡ್ಡದಾಗಿ ಕಂಡಿತು. ಬೆರಳಿಟ್ಟು ಎಣಿಸಿದೆ. ಇಪ್ಪತ್ತೆರಡು. ಯಾರೋ ಬೇರೆಯವರು ಹಾಕಿದ್ದು, ದೊಡ್ಡ ಹಲ್ಲುಗಾಲಿಗೆ ಸಾಲಲಿ ಅಂತ ಚೈನಿಗೂ ಹೊಸ ಕೊಂಡಿ ಸೇರಿಸಿದ್ದರು. ಒಂದಾದರೂ ತಪ್ಪು ಹುಡುಕೋಣ ಅಂತ ತಿರುಗಿಸಿ ತಿರುಗಿಸಿ ನೋಡಿದೆ, ಸಿಗಲಿಲ್ಲ. ಸಿಟ್ಟು ಬಂತು. ಹಾಕಿಕೊಟ್ಟವನ ಮೇಲಲ್ಲ, ನನ್ನ ಮೇಲೇ. ಊರಿಗೆಲ್ಲ ಹಾಕಿಕೊಟ್ಟು ಮನೆಯವಳಿಗೆ ಹಾಕದ ಅಯೋಗ್ಯ ನಾನು.

ಮನೆಗೆ ಹೋದಾಗ ಅಕ್ಕಿ ಆರಿಸ್ತಾ ಕೂತಿದ್ದಳು. "ಎಲ್ಲಿ ಆಕುಸ್ದೆ?" ಅಂತ ಕೇಳಿದೆ.

"ಬೆಸಗರಹಳ್ಳೀಲಿ."

"ಅಲ್ಲೀಗಂಟ ತುಳ್ಕೊಂಡೋದಾ?"

"ಊಂ."

ಆಗಲೂ ನನ್ನ ಬುದ್ಧಿ ಎಲ್ಲಿಗೆ ಹೋಯ್ತು ನೋಡಿ. "ನೀನು ಯಾರ ಎಂಡ್ತಿ ಅಂತ ಅವ್ನಿಗೆ ಗೊತ್ತಾಯ್ತಾ?" ಅಂದೆ.

ಅವಳು ಮೊರದಿಂದ ತಲೆ ಎತ್ತಲಿಲ್ಲ. "ಕೊಪ್ಪದಿಂದ ಇಲ್ಲೀಗಂಟ ಯಾಕವ್ವ ಬಂದೆ ಅಂತ ಕೇಳ್ದ. ನಮ್ಮೂರಲ್ಲಿ ಸೈಕಲ್ ಕೆಲ್ಸ ಗೊತ್ತಿರೋರು ಯಾರೂ ಇಲ್ಲ ಕಣಣ್ಣ ಅಂದೆ."